ಉಚಿಮುರನ 0.099 ಅಂಕದ ಗೆಲುವನ್ನು ಹೈಸ್ಕೂಲ್ ಮಕ್ಕಳಿಗೆ ಹೇಗೆ ವಿವರಿಸುವುದು?

ಪಿಟಿ ಮಾಸ್ಟ್ರು, ಉಡುಪಿ

ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನಕ್ಕೆ ನಮ್ಮ ಹೈಸ್ಕೂಲಿನಲ್ಲಿ ತರಗತಿಗೊಬ್ಬ ಆಟಗಾರ ಅಂತ ಹಂಚಿಕೆಯಾಗಿದೆ. ಒಂಬತ್ತನೇ ತರಗತಿಯ ಪಾಲಿಗೆ ಬಂದದ್ದು ಜಪಾನಿನ ಜಿಮ್ನಾಸ್ಟ್ ಕೊಹೇಯ್ ಉಚಿಮುರ. 40 ನಿಮಿಷದ ಒಂದೇ ಪಿರಿಯಡ್. ತರಗತಿಯಲ್ಲಿ ಮಲ್ಲಕಂಬ ಹತ್ತುವವರಿದ್ದಾರೆ, ಯಕ್ಷಗಾನ ಕಲಿಯುವವರೂ ಇದ್ದಾರೆ, ಹಾಗಾಗಿ ಲಾಗ ಹಾಕುವ ವಿಷಯ ಅಂದ್ರೆ ಕಿವಿ ಕೊಡ್ತಾರೆ. ಆದರೆ ಜಿಮ್ನಾಸ್ಟಿಕ್ಸ್ ಸ್ಪರ್ಧೆ ಪೂರ್ತಿ ನೋಡಿದವರು ಯಾರೂ ಇಲ್ಲ.

ನನಗೆ ಬೇಕಾದದ್ದು ಇಷ್ಟು. ಒಂದು, ಅವನ ವೃತ್ತಿಯ ಸರಿಯಾದ ವಿವರ. ಒಂದು ಕಡೆ ಆರು ಸಲ ವಿಶ್ವ ಚಾಂಪಿಯನ್ ಅಂತ ಉಂಟು, ಇನ್ನೊಂದು ಕಡೆ ಸತತ ಎಂಟು ಪ್ರಶಸ್ತಿ ಅಂತ ಉಂಟು. ಯಾವುದು ಸರಿ? ಎರಡು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 0.099 ಅಂಕದಿಂದ ಗೆದ್ದ ಅಂತಾರಲ್ಲ, ಆ ಲೆಕ್ಕವನ್ನು ಕಪ್ಪುಹಲಗೆ ಮೇಲೆ ಬಿಡಿಸಿ ತೋರಿಸ್ಲಿಕ್ಕೆ ಆಗ್ತದಾ? ಮೂರು, ಕೊನೆಯ 15 ನಿಮಿಷ ಮಕ್ಕಳ ಕೈಯಲ್ಲಿ ಏನಾದ್ರೂ ಮಾಡಿಸ್ಬೇಕು. ಇರುವುದು ಟೈಲ್ಸ್ ಹಾಕಿದ ಸಭಾಂಗಣ, ಆರು ಹಳೇ ಮ್ಯಾಟ್, ಮರದ ಬೆಂಚುಗಳು. ಬಾರ್, ರಿಂಗ್ಸ್ ಯಾವುದೂ ಇಲ್ಲ.

ಕದ್ರಿ ಗುಡ್ಡೆ

ಮಾಸ್ಟ್ರೇ, ಎರಡೂ ಸರಿ. ಒಲಿಂಪಿಕ್ಸ್ ನಡೆಯುವ ವರ್ಷ ಜಿಮ್ನಾಸ್ಟಿಕ್ಸ್ ವಿಶ್ವ ಚಾಂಪಿಯನ್‌ಶಿಪ್ ಸಾಮಾನ್ಯವಾಗಿ ಇರುವುದಿಲ್ಲ. ಉಚಿಮುರ ಆಲ್‌ರೌಂಡ್ ವಿಭಾಗದಲ್ಲಿ 2009, 2010, 2011, 2013, 2014, 2015 ಹೀಗೆ ಆರು ಸಲ ವಿಶ್ವ ಚಾಂಪಿಯನ್. ನಡುವಿನ 2012ರಲ್ಲಿ ಲಂಡನ್ ಒಲಿಂಪಿಕ್ಸ್ ಚಿನ್ನ, ಕೊನೆಗೆ 2016ರಲ್ಲಿ ರಿಯೋ ಚಿನ್ನ. ಆರಕ್ಕೆ ಎರಡು ಸೇರಿ ಎಂಟು. ಎಂಟು ವರ್ಷ ಜಗತ್ತಿನ ದೊಡ್ಡ ಆಲ್‌ರೌಂಡ್ ಸ್ಪರ್ಧೆ ಒಂದನ್ನೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಆಲ್‌ರೌಂಡ್ ಅಂದ್ರೆ ಎಂತ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ರೆ ಮಕ್ಕಳು ಕ್ರಿಕೆಟಿನ ಆಲ್‌ರೌಂಡರ್ ಅಂದ್ಕೊಳ್ತಾರೆ. ಗಂಡಸರಿಗೆ ಆರು ಉಪಕರಣ: ಫ್ಲೋರ್ (ನೆಲದ ಕಸರತ್ತು), ಪೊಮೆಲ್ ಹಾರ್ಸ್ (ಹಿಡಿಕೆ ಇರುವ ಕುದುರೆ), ರಿಂಗ್ಸ್ (ತೂಗುವ ಬಳೆಗಳು), ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವುದು), ಪ್ಯಾರಲಲ್ ಬಾರ್ (ಜೋಡಿ ಕಂಬಿ), ಹೈ ಬಾರ್ (ಎತ್ತರದ ಒಂಟಿ ಕಂಬಿ). ಆರರಲ್ಲೂ ಒಬ್ಬನೇ ಮಾಡಿ, ಅಂಕ ಕೂಡಿಸಿ, ಹೆಚ್ಚು ಬಂದವನು ಗೆಲ್ಲುವುದು. ಒಂದರಲ್ಲಿ ಎಡವಿದರೆ ಉಳಿದ ಐದರ ದುಡಿಮೆ ಹೊಳೆಗೆ ಹೋದ ಹಾಗೆ.

ಹುಟ್ಟಿದ್ದು 1989ರ ಜನವರಿ 3, ಜಪಾನಿನ ಕಿಟಕ್ಯೂಷು ಪಟ್ಟಣದಲ್ಲಿ. ಬೆಳೆದದ್ದು ನಾಗಾಸಾಕಿ ಪ್ರಾಂತ್ಯದ ಇಸಹಾಯದಲ್ಲಿ. ಅಪ್ಪ ಅಮ್ಮ ಇಬ್ಬರೂ ಜಿಮ್ನಾಸ್ಟ್‌ಗಳು, ಸ್ವಂತ ಜಿಮ್ನಾಸ್ಟಿಕ್ಸ್ ಕ್ಲಬ್ ನಡೆಸುತ್ತಿದ್ದರು. ಮೂರನೇ ವಯಸ್ಸಿಗೇ ಅಲ್ಲಿ ಶುರು. 15ನೇ ವಯಸ್ಸಿಗೆ ಮನೆ ಬಿಟ್ಟು ಟೋಕಿಯೋಗೆ ಹೋದದ್ದು ನವೋಯಾ ತ್ಸುಕಹಾರ ಇರುವ ಕ್ಲಬ್ಬಿನಲ್ಲಿ ಕಲೀಲಿಕ್ಕೆ. ಈ ನವೋಯಾ 2004ರ ಅಥೆನ್ಸ್‌ನಲ್ಲಿ ಚಿನ್ನ ಗೆದ್ದ ಜಪಾನ್ ತಂಡದವನು. ಅವನ ಅಪ್ಪ ಮಿತ್ಸುವೋ ತ್ಸುಕಹಾರನ ಹೆಸರಿನಲ್ಲಿ ಇವತ್ತಿಗೂ ಒಂದು ವಾಲ್ಟ್ ಉಂಟು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದಾಗ ಉಚಿಮುರನಿಗೆ 19. ಆಲ್‌ರೌಂಡ್ ಫೈನಲ್‌ನಲ್ಲಿ ಪೊಮೆಲ್ ಹಾರ್ಸ್‌ನಿಂದ ಎರಡು ಸಲ ಬಿದ್ದ, ಆ ಉಪಕರಣದಲ್ಲಿ ಸಿಕ್ಕಿದ್ದು ಬರೀ 13.275. ಆದರೂ ಬೆಳ್ಳಿ! ಚೀನಾದ ಯಾಂಗ್ ವೇಯ್ 94.575, ಉಚಿಮುರ 91.975, ಫ್ರಾನ್ಸಿನ ಬೆನ್ವಾ ಕರನೋಬ್ 91.925. ಬೆಳ್ಳಿಗೂ ಕಂಚಿಗೂ ನಡುವೆ 0.050. 1984ರಲ್ಲಿ ಕೋಜಿ ಗುಷಿಕೆನ್ ಚಿನ್ನ ಗೆದ್ದ ಮೇಲೆ ಜಪಾನಿಗೆ ಒಲಿಂಪಿಕ್ ಆಲ್‌ರೌಂಡ್ ಪದಕ ಬಂದದ್ದು ಆಗಲೇ.

ಆಮೇಲಿನ ಎಂಟು ಗೆಲುವುಗಳನ್ನು ಎರಡನೇ ಸ್ಥಾನದವನಿಗಿಂತ ಎಷ್ಟು ಮುಂದಿದ್ದ ಅಂತ ಬರೆದು ತೋರಿಸಿ, ಕಥೆ ತಾನಾಗಿ ಕಾಣ್ತದೆ. 2009 ಲಂಡನ್ 2.575, 2010 ರೋಟರ್‌ಡ್ಯಾಮ್ 2.283, 2011 ಟೋಕಿಯೋ 3.101, 2012 ಒಲಿಂಪಿಕ್ಸ್ 1.659, 2013 ಆಂಟ್‌ವರ್ಪ್ 1.958; 2014 ನಾನ್ನಿಂಗ್ 1.492, 2015 ಗ್ಲಾಸ್ಗೋ 1.634, 2016 ರಿಯೋ 0.099. ಎರಡು ಮೂರು ಸಲ ಬಿದ್ದು ಎದ್ದರೂ ಗೆಲ್ಲುವಷ್ಟು ಅಂತರ ಇದ್ದದ್ದು 2011ರಲ್ಲಿ. ಬೀಳುವುದಕ್ಕೆ 1.0 ಕಡಿತ ಅಂತ ನೆನಪಿಟ್ಟು ಈ ಪಟ್ಟಿ ನೋಡಬೇಕು.

ಕ್ವಿಜ್‌ಗೆ ಬೇಕಾದ ಒಟ್ಟು ಲೆಕ್ಕ: ಒಲಿಂಪಿಕ್ ಪದಕ ಏಳು, ಅದರಲ್ಲಿ ಮೂರು ಚಿನ್ನ, ನಾಲ್ಕು ಬೆಳ್ಳಿ. ವಿಶ್ವ ಚಾಂಪಿಯನ್‌ಶಿಪ್ ಪದಕ 21. ಹತ್ತು ಚಿನ್ನ, ಆರು ಬೆಳ್ಳಿ, ಐದು ಕಂಚು. ಹತ್ತು ಚಿನ್ನದಲ್ಲಿ ಆರು ಆಲ್‌ರೌಂಡ್, ಉಳಿದವು 2011ರ ಫ್ಲೋರ್, 2013ರ ಪ್ಯಾರಲಲ್ ಬಾರ್, 2015ರ ಹೈ ಬಾರ್ ಮತ್ತು ತಂಡ. ಒಲಿಂಪಿಕ್ ಆಲ್‌ರೌಂಡ್ ಚಿನ್ನವನ್ನು ಎರಡು ಸಲ ಬೆನ್ನುಬೆನ್ನಿಗೆ ಗೆದ್ದವರಲ್ಲಿ ಇವನಿಗಿಂತ ಹಿಂದಿನವನು 1968, 1972ರ ಸವಾವೋ ಕಾಟೊ, ಅವನೂ ಜಪಾನಿನವನೇ.

2016ರ ಕೊನೆಗೆ ಕಂಪನಿ ತಂಡ ಬಿಟ್ಟು ವೃತ್ತಿಪರ ಆಟಗಾರನಾದ. ಜಪಾನಿನ ಜಿಮ್ನಾಸ್ಟಿಕ್ಸ್‌ನಲ್ಲಿ ಆ ದಾರಿ ಹಿಡಿದವರಲ್ಲಿ ಇವನೇ ಮೊದಲಿಗ. 2017ರ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ ವಾಲ್ಟ್ ಇಳಿಯುವಾಗ ಎಡಗಾಲಿನ ಹರಡು ಉಳುಕಿ ಹೊರಬಿದ್ದ. 2008ರಿಂದ ಸತತ 40 ಆಲ್‌ರೌಂಡ್ ಗೆದ್ದ ಸರಣಿ ಅಲ್ಲಿಗೆ ನಿಂತಿತು. ಆಮೇಲೆ ಭುಜಗಳ ತೊಂದರೆ. ಟೋಕಿಯೋ ಒಲಿಂಪಿಕ್ಸ್‌ಗೆ ಹೈ ಬಾರ್ ಒಂದಕ್ಕೇ ಇಳಿದು, ಅರ್ಹತಾ ಸುತ್ತಿನಲ್ಲೇ ಕೈತಪ್ಪಿ ಬಿದ್ದು 13.866 ಪಡೆದ. 2021ರ ಅಕ್ಟೋಬರ್‌ನಲ್ಲಿ ಹುಟ್ಟೂರು ಕಿಟಕ್ಯೂಷುವಿನಲ್ಲೇ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೈ ಬಾರ್ ಆರನೇ ಸ್ಥಾನ. ಅದೇ ಕೊನೆಯ ಸ್ಪರ್ಧೆ. 2022ರ ಜನವರಿಯಲ್ಲಿ ನಿವೃತ್ತಿ ಘೋಷಣೆ.

ಇನ್ನೊಂದು: ದಿನಕ್ಕೆ ಒಂದೇ ಊಟ, ತರಕಾರಿ ಕಂಡ್ರೆ ಆಗದು, ಚಾಕೊಲೇಟ್ ಅಂದ್ರೆ ಪ್ರಾಣ ಅಂತ ಅವನ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದು ಉಂಟು. ಅದನ್ನು ಮಾತ್ರ ತರಗತಿಯಲ್ಲಿ ಹೇಳ್ಬೇಡಿ ಮಾರಾಯ್ರೆ, ಮರುದಿನ ಬಿಸಿಯೂಟದ ಹರಿವೆ ಸಾಂಬಾರು ಯಾರೂ ಮುಟ್ಟುವುದಿಲ್ಲ.

ಲೆಕ್ಕದ ಭಟ್ರು, ಮಣಿಪಾಲ

ಎರಡನೇ ಪ್ರಶ್ನೆಗೆ. ಹಲಗೆ ಮೇಲೆ ಖಂಡಿತ ಆಗ್ತದೆ, ಒಂಬತ್ತನೇ ತರಗತಿಗೆ ಕೂಡಿಸುವುದು ಕಳೆಯುವುದು ಬಂದರೆ ಸಾಕು.

ಮೊದಲು ಒಂದು ಉಪಕರಣದ ಅಂಕ ಹೇಗೆ ಬರ್ತದೆ ಅಂತ. ಎರಡು ಭಾಗ. ಡಿ ಅಂಕ ಅಂದ್ರೆ ಕಸರತ್ತು ಎಷ್ಟು ಕಷ್ಟದ್ದು ಅನ್ನುವುದಕ್ಕೆ. ಇದಕ್ಕೆ ಮೇಲ್ಮಿತಿ ಇಲ್ಲ. ಉಚಿಮುರನ ಕಾಲದಲ್ಲಿ ಒಂದು ಕಸರತ್ತಿನಿಂದ ಹತ್ತು ಅಂಶ ಲೆಕ್ಕಕ್ಕೆ ಹಿಡೀತಿದ್ರು. ಸುಲಭದ ಎ ದರ್ಜೆಗೆ 0.1, ಬಿಗೆ 0.2, ಹೀಗೆ ಏರ್ತಾ ಹೋಗ್ತದೆ. ಜತೆಗೆ ಬೇರೆ ಬೇರೆ ಗುಂಪಿನ ಅಂಶಗಳನ್ನು ಮಾಡಿ ತೋರಿಸಿದರೆ ಗುಂಪಿಗೆ 0.5. 2025ರಿಂದ ಗಂಡಸರಿಗೆ ಹತ್ತರ ಬದಲು ಎಂಟು ಅಂಶ, ಆದ್ರಿಂದ ಈಗಿನ ಅಂಕಗಳನ್ನು ಹಳೇ ಅಂಕದ ಜತೆ ಇಟ್ಟು ತೂಗ್ಲಿಕ್ಕೆ ಹೋಗ್ಬೇಡಿ.

ಇ ಅಂಕ ಅಂದ್ರೆ ಎಷ್ಟು ಚೊಕ್ಕ ಮಾಡಿದ ಅನ್ನುವುದು. 10ರಿಂದ ಶುರು ಮಾಡಿ ಕಳೀತಾ ಬರುವುದು. ಸಣ್ಣ ತಪ್ಪಿಗೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0. ಇಳಿದಾಗ ಸಣ್ಣ ಹೆಜ್ಜೆ ಇಟ್ಟರೆ 0.1, ಭುಜದ ಅಗಲಕ್ಕಿಂತ ದೊಡ್ಡ ಹೆಜ್ಜೆಗೆ 0.3. ಮೊಣಕಾಲು ಮಡಿಚಿತು, ಕಾಲುಗಳ ನಡುವೆ ಸಂದು ಬಿಟ್ಟಿತು, ರಿಂಗ್ಸ್‌ನಲ್ಲಿ 2 ಸೆಕೆಂಡ್ ನಿಲ್ಲಬೇಕಾದಲ್ಲಿ ಬೇಗ ಬಿಟ್ಟ, ಎಲ್ಲಕ್ಕೂ ಕಡಿತ. ಹಲವು ಜಡ್ಜ್‌ಗಳು ಬೇರೆ ಬೇರೆಯಾಗಿ ಅಂಕ ಕೊಡ್ತಾರೆ; ಅತಿ ಹೆಚ್ಚು ಮತ್ತು ಅತಿ ಕಡಿಮೆಯದ್ದನ್ನು ಬಿಟ್ಟು ಉಳಿದದ್ದರ ಸರಾಸರಿ. ಡಿ ಮತ್ತು ಇ ಕೂಡಿಸಿದರೆ ಆ ಉಪಕರಣದ ಅಂಕ.

ಈಗ ರಿಯೋ. ಉಚಿಮುರ ಮತ್ತು ಉಕ್ರೇನಿನ ಒಲೆಗ್ ವೆರ್ನ್ಯಾಯೆವ್. ಉಪಕರಣಗಳ ಸರದಿ ಮೇಲೆ ಕದ್ರಿ ಗುಡ್ಡೆಯವರು ಬರೆದ ಹಾಗೆಯೇ.

ಫ್ಲೋರ್: ಉಚಿಮುರ 15.766, ವೆರ್ನ್ಯಾಯೆವ್ 15.033. ಉಚಿಮುರ 0.733 ಮುಂದೆ.
ಪೊಮೆಲ್ ಹಾರ್ಸ್: 14.900, 15.533. ಮುನ್ನಡೆ 0.100ಕ್ಕೆ ಇಳಿಯಿತು.
ರಿಂಗ್ಸ್: 14.733, 15.300. ಈಗ ವೆರ್ನ್ಯಾಯೆವ್ 0.467 ಮುಂದೆ.
ವಾಲ್ಟ್: 15.566, 15.500. ವೆರ್ನ್ಯಾಯೆವ್ 0.401 ಮುಂದೆ.
ಪ್ಯಾರಲಲ್ ಬಾರ್: 15.600, 16.100. ವೆರ್ನ್ಯಾಯೆವ್ 0.901 ಮುಂದೆ.
ಹೈ ಬಾರ್: 15.800, 14.800.
ಒಟ್ಟು: 92.365, 92.266.

ಐದು ಉಪಕರಣ ಮುಗಿದಾಗ ಹಲಗೆ ಒರೆಸದೆ ನಿಲ್ಲಿಸಿ, ಯಾರು ಗೆಲ್ತಾರೆ ಅಂತ ಮಕ್ಕಳಲ್ಲಿ ಕೇಳಿ. ಒಬ್ಬರೂ ಉಚಿಮುರ ಅನ್ನಲಿಕ್ಕಿಲ್ಲ. ಉಚಿಮುರ ಮೊದಲು ಮಾಡಿ 15.800 ತಗೊಂಡ. ಕೊನೆಯವನಾಗಿ ಬಂದ ವೆರ್ನ್ಯಾಯೆವ್‌ಗೆ ಚಿನ್ನಕ್ಕೆ ಬೇಕಾದದ್ದು 14.900, 92.365ರಿಂದ 77.466 ಕಳೆದು ನೋಡಿ, 14.899 ಬರ್ತದೆ. ಅದು ಅವನ ಕೈಗೆ ಎಟುಕದ ಅಂಕ ಏನಲ್ಲ. ಇಳಿಯುವಾಗ ಕಾಲು ಊರದೆ ಜಿಗಿದ. ಉಚಿಮುರ ಇಳಿದದ್ದು ಮಾತ್ರ ಅಲ್ಲಾಡದೆ, ಅದೂ ಬಾರ್ ಮೇಲಿರುವಾಗಲೇ ಸೊಂಟ ಹಿಡಿದುಕೊಂಡಿದ್ದಾಗ.

ಇನ್ನು ಆ 0.099. 0.1 ಯಾಕಲ್ಲ? ಮೇಲಿನ ಅಂಕಗಳ ಬಾಲ ನೋಡಿ: .033, .766, .733, .566. ಮೂರು ಜಡ್ಜ್‌ಗಳ ಸರಾಸರಿ ತೆಗೆದಾಗ ಬರುವ ಬಾಲ ಅದು. 15.7666 ಅಂತ ಸಾಗುವುದನ್ನು ಮೂರು ದಶಮಾಂಶಕ್ಕೆ ಕತ್ತರಿಸಿ 15.766 ಅಂತ ಬರೀತಾರೆ, 15.767 ಅಂತ ಏರಿಸುವುದಿಲ್ಲ. ಕತ್ತರಿಸದೆ ಕೂಡಿಸಿ: ಉಚಿಮುರ 92.3666, ವೆರ್ನ್ಯಾಯೆವ್ 92.2666. ವ್ಯತ್ಯಾಸ ಸರಿಯಾಗಿ 0.1. ಕತ್ತರಿಯಲ್ಲಿ ಹೋದದ್ದು 0.001. ಅಂದ್ರೆ ಆರು ಉಪಕರಣಕ್ಕೆ ಸೇರಿ ಇಬ್ಬರ ನಡುವೆ ಇದ್ದದ್ದು ಒಂದೇ ಒಂದು ಸಣ್ಣ ಹೆಜ್ಜೆ.

(2008ರ ಅಂಕಗಳ ಬಾಲ .275, .975, .925 ಅಂತ ಇರುವುದು ಆಗ ನಾಲ್ಕು ಜಡ್ಜ್‌ಗಳ ಸರಾಸರಿ ಹಿಡೀತಿದ್ದರಿಂದ. ಚುರುಕು ಮಕ್ಕಳು ಕೇಳಿದರೆ ಇರಲಿ.)

ಪಡುಬಿದ್ರಿಯವ

ಭಟ್ರ ಲೆಕ್ಕ ಒಪ್ಪಿದೆ. ಉಚಿಮುರ ಅಂದ ಕೂಡಲೇ "ಚೊಕ್ಕ ಮಾಡ್ತಾನೆ, ಇ ಅಂಕದ ರಾಜ" ಅಂತ ಎಲ್ಲರೂ ಹೇಳಿಬಿಡ್ತಾರಲ್ಲ, ಆ ದಾರಿಗೆ ಹೋಗ್ಬೇಡಿ ಅಂತ ಒಂದು ಮಾತು ಸೇರಿಸ್ತೇನೆ. ಚೊಕ್ಕ ಮಾಡುವವರು ಜಪಾನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಷ್ಟದ ಕಸರತ್ತನ್ನೇ ಆಯ್ದುಕೊಂಡು ಅದನ್ನು ಚೊಕ್ಕ ಮಾಡಿದ್ದು, ಅದೂ ಆರರಲ್ಲೂ, ಇವನ ವಿಶೇಷ. ಹೈ ಬಾರ್‌ನಲ್ಲಿ ಕೊವಾಚ್ ಅಂತ ಒಂದು ಉಂಟು: ಬಾರ್ ಬಿಟ್ಟು, ಬಾರ್‌ನ ಮೇಲಿಂದಲೇ ಹಿಂದಕ್ಕೆ ಎರಡು ಲಾಗ ಹಾಕಿ, ಮತ್ತೆ ಅದೇ ಬಾರ್ ಹಿಡಿಯುವುದು. ಅದಕ್ಕೆ ಒಂದು ಪೂರ್ತಿ ತಿರುವು ಸೇರಿಸಿದರೆ ಕೋಲ್ಮನ್. ಮೈ ಮುದುಡದೆ ನೆಟ್ಟಗೆ ಇಟ್ಟು ಆ ತಿರುವು ಹಾಕಿದರೆ ಕಸ್ಸೀನಾ. ಮುದುಡಿ ಎರಡು ತಿರುವು ಹಾಕಿದರೆ ಬ್ರೆಟ್‌ಶ್ನೈಡರ್. ಉಚಿಮುರ 30 ದಾಟಿದ ಮೇಲೆ ಬ್ರೆಟ್‌ಶ್ನೈಡರ್ ಕಸರತ್ತಿಗೆ ಸೇರಿಸಿಕೊಂಡ. ನೆಲದಿಂದ 2.8 ಮೀಟರ್ ಎತ್ತರದಲ್ಲಿರುವ, 28 ಮಿಲಿಮೀಟರ್ ದಪ್ಪದ ಕಂಬಿ ಅದು. ಬಿಟ್ಟ ಕ್ಷಣ ತುಸು ಹಿಂದೆ ಮುಂದೆ ಆದರೆ ಒಂದೋ ಕಂಬಿ ಕೈಗೆ ಸಿಗುವುದಿಲ್ಲ, ಇಲ್ಲವೇ ಕಂಬಿಯ ಮೇಲೇ ಬಂದು ಬೀಳ್ತಾನೆ.

ಡಿ ಅಂಕ ಎಷ್ಟು ಮುಖ್ಯ ಅನ್ನುವುದಕ್ಕೆ 2012ರ ತಂಡದ ಫೈನಲ್ ಹೇಳಿ. ಜಪಾನಿನ ಕೊನೆಯ ಉಪಕರಣ ಪೊಮೆಲ್ ಹಾರ್ಸ್, ಕೊನೆಯವನು ಉಚಿಮುರ. ಇಳಿಯುವ ಮೊದಲು ಕೈ ಮೇಲೆ ನೆಟ್ಟಗೆ ನಿಲ್ಲುವ ಘಟ್ಟದಲ್ಲಿ ತಪ್ಪಿ, ಹೇಗೋ ಇಳಿದ. ಇಳಿದ ರೀತಿಯನ್ನು ಜಡ್ಜ್‌ಗಳು ಲೆಕ್ಕಕ್ಕೆ ಹಿಡಿಯಲಿಲ್ಲ, 13.466 ಬಂತು. ಅಂಕಫಲಕದಲ್ಲಿ ಚೀನಾ, ಬ್ರಿಟನ್, ಉಕ್ರೇನ್, ಆಮೇಲೆ ಜಪಾನ್. ಬ್ರಿಟನ್‌ನವರು ಬೆಳ್ಳಿ ಬಂತು ಅಂತ ಕುಣಿದೂ ಆಯ್ತು. ಜಪಾನ್ ಮೇಲ್ಮನವಿ ಹಾಕಿತು. ಇಳಿದದ್ದಕ್ಕೆ ಮಾನ್ಯತೆ ಸಿಕ್ಕಿ ಡಿ ಅಂಕ 0.7 ಏರಿ 14.166 ಆಯ್ತು. ಜಪಾನ್ 271.952 ಬೆಳ್ಳಿ, ಬ್ರಿಟನ್ 271.711 ಕಂಚು, ಉಕ್ರೇನ್ 271.526 ಬರಿಗೈ.

ಇಲ್ಲಿ ಮಕ್ಕಳಿಗೆ ನಿಯಮ ಸ್ಪಷ್ಟ ಮಾಡಿ: ಮೇಲ್ಮನವಿ ಹಾಕ್ಲಿಕ್ಕೆ ಆಗುವುದು ಡಿ ಅಂಕಕ್ಕೆ ಮಾತ್ರ. ಚೊಕ್ಕತನದ ಅಂಕ ಕಡಿಮೆ ಕೊಟ್ಟಿರಿ ಅಂತ ಕೇಳುವ ಹಾಗಿಲ್ಲ. ಹಾಕುವಾಗ ದುಡ್ಡು ಕಟ್ಟಬೇಕು. ವಾದ ಗೆದ್ದರೆ ವಾಪಸ್, ಸೋತರೆ ಹೋಯ್ತು. ಕಬಡ್ಡಿ ಅಂಕಣದಲ್ಲಿ ಅಂಪಾಯರನ್ನು ಸುತ್ತುವರಿಯುವ ನಮ್ಮ ಊರಿನವರಿಗೆ ಈ ಪದ್ಧತಿ ಬಂದ್ರೆ ಅರ್ಧ ಗಲಾಟೆ ನಿಲ್ತದೆ.

ಪೊಮೆಲ್ ಹಾರ್ಸ್ ಅವನಿಗೆ 2008ರಲ್ಲೂ ಕೈಕೊಟ್ಟಿತು, 2012ರಲ್ಲೂ ಕೈಕೊಟ್ಟಿತು ಅನ್ನುವುದನ್ನು ಗಮನಿಸಿ. ಉಳಿದ ಉಪಕರಣಗಳಲ್ಲಿ ಸಣ್ಣ ತಪ್ಪಾದ್ರೆ ಒಂದು ಜೋಲಿಯಲ್ಲಿ ಸರಿ ಮಾಡ್ಕೊಳ್ಳಬಹುದು. ಅಲ್ಲಿ ಕಾಲು ಒಂದೇ ಸಮ ಸುತ್ತುತ್ತಾ ಇರ್ತದೆ, ಭಾರ ಕ್ಷಣಕ್ಕೊಂದು ಕೈ ಬದಲಾಗ್ತದೆ. ಒಂದು ಕೈ ಎರಡು ಬೆರಳಗಲ ಆಚೆ ಬಿದ್ದರೆ ಮುಂದಿನ ಸುತ್ತಿಗೆ ಸೊಂಟ ತಗ್ಗಿ, ಅದರ ಮುಂದಿನ ಸುತ್ತಿಗೆ ಕಾಲು ಕುದುರೆಗೆ ತಾಗಿ, ಆಟ ಮುಗೀತದೆ. ತಪ್ಪು ನಡೆದದ್ದು ಒಂದು ಕಡೆ, ನೋಡುವವರಿಗೆ ಕಾಣುವುದು ಇನ್ನೊಂದು ಕಡೆ.

ಮಂಗಳಾ ಮೈದಾನ

ಮೂರನೇ ಪ್ರಶ್ನೆಗೆ ಬರ್ತೇನೆ, ಮಾಸ್ಟ್ರೇ. ಆಗಸ್ಟ್ ಅಂದ್ರೆ ನಮ್ಮಲ್ಲಿ ಮಳೆ ಬಿಟ್ಟಿರುವುದಿಲ್ಲ. ಟೈಲ್ಸ್ ಬೆವರ್ತದೆ. ಅದರ ಮೇಲೆ ಹಳೇ ಮ್ಯಾಟ್ ಹಾಕಿದರೆ, ಓಡಿ ಬಂದು ಕಾಲಿಟ್ಟ ಕೂಡಲೇ ಮ್ಯಾಟೇ ಜಾರ್ತದೆ. ಆದ್ರಿಂದ ಓಡಿ ಬರುವ ಆಟ ಯಾವುದೂ ಬೇಡ. ನೆಲ ಒಣ ಬಟ್ಟೆಯಲ್ಲಿ ಒರೆಸಿ, ಮ್ಯಾಟ್ ಅಡಿಗೆ ಮ್ಯಾಟಿನ ಅಗಲಕ್ಕೂ ರಬ್ಬರ್ ಶೀಟ್ ಹಾಸಿ. ಎರಡು ಮ್ಯಾಟ್ ಕೂಡುವ ಸಂದಿಯಲ್ಲಿ ಕಾಲು ಸಿಕ್ಕಿ ಹರಡು ತಿರುಚುವುದೇ ಹೆಚ್ಚು, ಆ ಸಂದಿ ಮುಚ್ಚುವ ಹಾಗೆ ಮೇಲೊಂದು ಮ್ಯಾಟ್ ಅಡ್ಡ ಹಾಕಿ. ಯೋಗದ ಮ್ಯಾಟ್ ಇದಕ್ಕೆಲ್ಲ ಸಾಲದು. ಲಾಗ ಹಾಕಿಸ್ಲೇಬೇಡಿ, ಮಲ್ಲಕಂಬದ ಮಕ್ಕಳು ನಮಗೆ ಬರ್ತದೆ ಸರ್ ಅಂತ ಎಷ್ಟೇ ಹಾರಾಡಲಿ.

ಮಾಡಿಸಬಹುದಾದದ್ದು ಇಳಿಯುವುದು. ರಿಯೋ ಚಿನ್ನವೂ ಇಳಿಯುವುದರಲ್ಲೇ ತೀರ್ಮಾನವಾಯ್ತಲ್ಲ. 30 ಸೆಂಟಿಮೀಟರ್ ಎತ್ತರದ, ಅಲ್ಲಾಡದ ಬೆಂಚು ಒಂದು ಗೋಡೆಗೆ ಒತ್ತಿ ಇಡಿ. ಬರಿಗಾಲು. ಬೆಂಚಿನ ತುದಿಯಲ್ಲಿ ನಿಂತು, ಮೇಲಕ್ಕೆ ನೆಗೆದು, ಮ್ಯಾಟ್ ಮೇಲೆ ಎರಡೂ ಕಾಲಲ್ಲಿ ಒಟ್ಟಿಗೆ ಇಳಿದು, 3 ಸೆಕೆಂಡ್ ಕದಲದೆ ನಿಲ್ಲಬೇಕು. ಕೈ ಮುಂದಕ್ಕೆ, ಕಣ್ಣು ಎದುರಿನ ಗೋಡೆಯಲ್ಲಿ ಒಂದೇ ಬಿಂದುವಿನ ಮೇಲೆ.

ತಪ್ಪುವುದು ಎಲ್ಲಿ ಅಂದ್ರೆ:

ಪಾದ ಎರಡೂ ಅಂಟಿಸಿ ಇಳಿದರೆ ಪಕ್ಕಕ್ಕೆ ತೂರಾಡ್ತಾರೆ. ಸೊಂಟದಗಲ ಬೇಕು.

ಮೊಣಕಾಲು ಒಳಕ್ಕೆ ಬಾಗಿದರೆ ಅಲ್ಲಿಗೇ ನಿಲ್ಲಿಸಿ ತಿದ್ದಿ. ಮಂಡಿಯ ಗಾಯ ಶುರುವಾಗುವುದು ಅಲ್ಲಿಂದಲೇ. ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಬಾಗಬೇಕು.

ಕಾಲು ಬಿಗಿ ಹಿಡಿದು ಇಳಿದರೆ ಧಡ್ ಅಂತ ಸದ್ದು, ಪೆಟ್ಟು ನೇರ ಬೆನ್ನಿಗೆ. ಸದ್ದಿಲ್ಲದೆ ಇಳಿ ಅಂತ ಒಂದೇ ಮಾತು ಹೇಳಿದರೆ ಅರ್ಧ ತಪ್ಪು ತಾನಾಗಿ ಸರಿಯಾಗ್ತದೆ.

ನೆಲ ನೋಡಿದರೆ ತಲೆ ಮುಂದೆ, ತಲೆಯ ಹಿಂದೆ ಮೈ, ಆಮೇಲೆ ಹೆಜ್ಜೆ. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಇದು.

ಯಕ್ಷಗಾನದ ಮಕ್ಕಳ ಮೇಲೆ ಒಂದು ಕಣ್ಣಿಡಿ. ದಿಗಿಣದಲ್ಲಿ ನೆಲ ಮುಟ್ಟಿದ ಕಾಲೇ ಮುಂದಿನ ಹಾರಿಕೆಗೆ ಚಿಮ್ಮುವ ಕಾಲು, ತಾಳ ಬಿಡದೆ ಸಾಗಬೇಕು. ಇಲ್ಲಿ ಅದಕ್ಕೆ ತದ್ವಿರುದ್ಧ, ಮುಟ್ಟಿದಲ್ಲೇ ನಿಲ್ಲಬೇಕು. ಅವರು ಚೆನ್ನಾಗಿ ಹಾರಿ, ಅಭ್ಯಾಸಬಲದಿಂದ ಇನ್ನೊಂದು ಹೆಜ್ಜೆ ಹಾಕಿಬಿಡ್ತಾರೆ.

ಈಗ ಇದಕ್ಕೆ ಭಟ್ರ ಲೆಕ್ಕ ಸೇರಿಸಿ. ಐದು ಮಕ್ಕಳು ಜಡ್ಜ್‌ಗಳು, ಕೈಯಲ್ಲಿ ಸ್ಲೇಟು ಅಥವಾ ಹಳೇ ನೋಟ್ಸಿನ ಹಾಳೆ. ಒಬ್ಬರದ್ದನ್ನೊಬ್ಬರು ನೋಡದೆ 10ರಿಂದ ಕಳೀಬೇಕು: ಸಣ್ಣ ಹೆಜ್ಜೆ 0.1, ದೊಡ್ಡ ಹೆಜ್ಜೆ 0.3, ಮೊಣಕಾಲು ಒಳಕ್ಕೆ ಬಾಗಿದರೆ 0.3 (ಇದು ನಿಯಮಪುಸ್ತಕದ್ದಲ್ಲ, ನಿಮ್ಮ ತರಗತಿಗೆ ಮಾತ್ರ), ಬಿದ್ದರೆ 1.0. ಒಟ್ಟಿಗೆ ಎತ್ತಿ ತೋರಿಸ್ಬೇಕು. 9.7, 9.6, 9.6, 9.5, 9.2 ಬಂತು ಅಂತ ಇಟ್ಟುಕೊಳ್ಳಿ. 9.7 ಮತ್ತು 9.2 ಬಿಟ್ಟು ಉಳಿದ ಮೂರರ ಸರಾಸರಿ 9.566. ಗೆಳೆಯನಿಗೆ ಹೆಚ್ಚು ಕೊಟ್ಟವನ ಅಂಕ ತಾನಾಗಿ ಹೊರಗೆ ಬೀಳುವುದು ನೋಡಿ ಮಕ್ಕಳಿಗೆ ಮಜಾ. ಒಬ್ಬರಿಗೆ ಹಾರಿ, ನಿಂತು, ಅಂಕ ಬರೆದು ಮುಗೀಲಿಕ್ಕೆ ಒಂದು ನಿಮಿಷ ಹಿಡೀತದೆ. 15 ನಿಮಿಷದಲ್ಲಿ ಇಡೀ ತರಗತಿ ಆಗುವುದಿಲ್ಲ, ಹನ್ನೆರಡು ಮಕ್ಕಳನ್ನು ಮೊದಲೇ ಆರಿಸಿಟ್ಟುಕೊಳ್ಳಿ. ಜಡ್ಜ್‌ಗಳನ್ನು ನಾಲ್ಕು ಸರದಿಗೊಮ್ಮೆ ಬದಲಾಯಿಸಿ.

ಕೈ ಮೇಲೆ ನಿಲ್ಲುವುದು ಬರುವ ಮಕ್ಕಳಿದ್ದರೆ ಅವರಿಂದ ಮಾತ್ರ ಅದನ್ನು ತೋರಿಸಿ. ಹೊಟ್ಟೆ ಗೋಡೆ ಕಡೆಗೆ ಇರಲಿ. ಬೆನ್ನು ಗೋಡೆ ಕಡೆಗೆ ಹಾಕಿ ನಿಂತರೆ ಸೊಂಟ ಬಾಳೆಹಣ್ಣಿನ ಹಾಗೆ ಬಗ್ಗಿಯೇ ಅಭ್ಯಾಸವಾಗ್ತದೆ. ಮಣಿಕಟ್ಟು ಎರಡು ನಿಮಿಷ ಸಡಿಲ ಮಾಡಿಸಿ, 20 ಸೆಕೆಂಡ್ ಮಾತ್ರ, ನೀವು ಪಕ್ಕದಲ್ಲಿ ನಿಂತು.

ಪಿಟಿ ಮಾಸ್ಟ್ರು, ಉಡುಪಿ

ಜಡ್ಜ್ ಆಟ ಖಂಡಿತ ಇಟ್ಕೊಳ್ತೇನೆ. ಎರಡು ಸಂದೇಹ ಉಳಿದಿದೆ. "ನಮ್ಮ ದೇಶದವರು ಎಲ್ಲಿದ್ರು ಸರ್?" ಅಂತ ಮಕ್ಕಳು ಕೇಳಿಯೇ ಕೇಳ್ತಾರೆ. ಮತ್ತೆ, ವಿಡಿಯೋ ಒಂದೇ ತೋರಿಸ್ಲಿಕ್ಕೆ ಸಮಯ ಇರುವುದು. ಯಾವುದು ತೋರಿಸುವುದು?

ಕದ್ರಿ ಗುಡ್ಡೆ

ಅದೇ ರಿಯೋದಲ್ಲಿ ಅಗರ್ತಲದ ದೀಪಾ ಕರ್ಮಾಕರ್ ಇದ್ದಳು. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್. ವಾಲ್ಟ್ ಫೈನಲ್‌ನಲ್ಲಿ ನಾಲ್ಕನೇ ಸ್ಥಾನ, 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ 15.216. ವ್ಯತ್ಯಾಸ 0.150. ವಾಲ್ಟ್ ಫೈನಲ್‌ನಲ್ಲಿ ಎರಡು ಸಲ ಹಾರಿ ಸರಾಸರಿ ತೆಗೆಯುವುದು, ದೀಪಾಳದ್ದು 14.866 ಮತ್ತು 15.266. ಎರಡನೆಯದ್ದು ಪ್ರೊಡುನೋವಾ, ಅಂದ್ರೆ ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಎರಡು ಲಾಗ. ಡಿ ಅಂಕ 7.0, ಇ ಅಂಕ 8.266. ಇಳಿದದ್ದು ತೀರಾ ತಗ್ಗಿ, ಕುಕ್ಕರುಗಾಲಲ್ಲಿ. ಮುಂದಕ್ಕೆ ಹಾಕುವ ಲಾಗದಲ್ಲಿ ಕೊನೆಯ ಗಳಿಗೆವರೆಗೂ ನೆಲ ಕಾಣುವುದಿಲ್ಲ, ಹಾಗಾಗಿ ಅಲ್ಲಿ ನಿಲ್ಲುವುದು ಹಿಂದಕ್ಕೆ ಹಾಕುವ ಲಾಗಕ್ಕಿಂತ ಕಷ್ಟ. ಇಳಿಯುವ ಪಾಠಕ್ಕೆ ಇದೂ ಸೇರ್ತದೆ ನಿಮಗೆ. ಗಂಡಸರಲ್ಲಿ ಆಶಿಶ್ ಕುಮಾರ್ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಫ್ಲೋರ್ ಕಂಚು, ವಾಲ್ಟ್ ಬೆಳ್ಳಿ ಗೆದ್ದವನು.

ಪಡುಬಿದ್ರಿಯವ

ವಿಡಿಯೋ ಒಂದೇ ಅಂದ್ರೆ ರಿಯೋ ಆಲ್‌ರೌಂಡ್‌ನ ಹೈ ಬಾರ್. ಇಬ್ಬರದ್ದೂ ಬೆನ್ನುಬೆನ್ನಿಗೆ ತೋರಿಸಿ, ಒಂದೊಂದು ಒಂದು ನಿಮಿಷದ ಆಸುಪಾಸು. ಮೊದಲ ಸಲ ಧ್ವನಿ ಬಂದ್ ಮಾಡಿ, ಇಲ್ಲದಿದ್ರೆ ವೀಕ್ಷಕ ವಿವರಣೆಯವರ ಕೂಗಿನಲ್ಲೇ ಫಲಿತಾಂಶ ಗೊತ್ತಾಗಿಬಿಡ್ತದೆ. ಇಳಿಯುವಲ್ಲಿ ನಿಲ್ಲಿಸಿ, ಪಾದ ಮಾತ್ರ ನೋಡಿ ಕಡಿತ ಎಷ್ಟು ಅಂತ ಕೇಳಿ. ಆಮೇಲೆ ಹಲಗೆ.

ಸಮಯ ಉಳಿದರೆ ಸ್ಪರ್ಧೆ ಮುಗಿದ ಮೇಲಿನ ಪತ್ರಿಕಾಗೋಷ್ಠಿಯ ಮಾತು ಹೇಳಿ. ಜಡ್ಜ್‌ಗಳಿಗೆ ನಿನ್ನ ಮೇಲೆ ಒಲವು ಉಂಟಾ ಅನ್ನುವ ಅರ್ಥದ ಪ್ರಶ್ನೆ ಉಚಿಮುರನಿಗೆ ಬಂತು. ಅವನು ಇಲ್ಲ, ಜಡ್ಜ್‌ಗಳು ಎಲ್ಲರಿಗೂ ಒಂದೇ ಅಂದ. ಪಕ್ಕದಲ್ಲಿ ಕೂತಿದ್ದ, ಒಂದು ಹೆಜ್ಜೆಯಿಂದ ಚಿನ್ನ ಕಳಕೊಂಡ ವೆರ್ನ್ಯಾಯೆವ್ ಮಾತ್ರ ಇಂಥ ಪ್ರಶ್ನೆಗೆ ಅರ್ಥವೇ ಇಲ್ಲ ಅಂತ ಆ ಪತ್ರಕರ್ತನಿಗೆ ನೇರ ಹೇಳಿದ.

ಮಂಗಳಾ ಮೈದಾನ

ಒಂದು ಬಿಟ್ಟುಹೋಗಿತ್ತು. ಟಿವಿಯಲ್ಲಿ ನೋಡಿ ಮಕ್ಕಳು ಕೈಗೆ ಬಿಳಿ ಪುಡಿ ಬೇಕು ಅಂತಾರೆ. ಅದು ಮೆಗ್ನೀಷಿಯಂ ಕಾರ್ಬೊನೇಟ್, ಕಪ್ಪುಹಲಗೆಯ ಸೀಮೆಸುಣ್ಣ ಅಲ್ಲ. ಸೀಮೆಸುಣ್ಣದ ಪುಡಿ ಟೈಲ್ಸ್ ಮೇಲೆ ಚೆಲ್ಲಿದರೆ ಜಾರುವುದು ಇನ್ನೂ ಹೆಚ್ಚು. ಬೆಂಚಿನಿಂದ ಇಳಿಯುವುದಕ್ಕೆ ಎರಡೂ ಬೇಡ, ಕಾಲು ಒರೆಸಿಕೊಳ್ಳಲಿಕ್ಕೆ ಬಾಗಿಲಲ್ಲಿ ಒಂದು ಗೋಣಿ ಹಾಸಿದರೆ ಸಾಕು.